ಚಿತ್ರದ ಜಾಹೀರಾತು, ಅಕ್ಷರದ ಜಾಹೀರಾತು

ಗಡಿಯಾಚೆಯ ನಮ್ಮ ಊರುಗಳಲ್ಲಿ ಜಾಹೀರಾತಿಗೆ ಒಂದೊಂದು ಕಡೆ ಒಂದೊಂದು ಹೆಸರು ಕಿವಿಗೆ ಬೀಳುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಮರಾಠಿಯ ‘ಜಾಹಿರಾತ್’. ಕಾಸರಗೋಡಿನಲ್ಲಿ ಮಲಯಾಳದ ‘ಪರಸ್ಯಂ’. ಹೊಸೂರು, ತಾಳವಾಡಿಗಳಲ್ಲಿ ತಮಿಳಿನ ‘ವಿಳಂಬರಂ’. ಆದವಾನಿ, ರಾಯದುರ್ಗಗಳಲ್ಲಿ ತೆಲುಗಿನ ‘ಪ್ರಕಟನ’. ಇವೆಲ್ಲವುಗಳ ತಾತ್ಪರ್ಯ ಒಂದೇ: ಸರ್ವರಿಗೂ ತಿಳಿಯುವಂತೆ ಬಹಿರಂಗಪಡಿಸುವುದು. ಡಂಗುರದವನು ಚಾವಡಿಯೆದುರು ನಿಂತು ಸಾರಿದುದನ್ನು ಪಟೇಲನೂ ಕೇಳುತ್ತಿದ್ದ, ಕೂಲಿಯವನೂ ಕೇಳುತ್ತಿದ್ದ. ಆದರೆ ಇಂದು ಮೊಬೈಲಿನಲ್ಲಿ ಕಾಣುವ ಜಾಹೀರಾತು ಈ ಅರ್ಥದಲ್ಲಿ ಜಾಹೀರಾದುದೇ ಅಲ್ಲ. ಒಂದೇ ಜಗಲಿಯಲ್ಲಿ ಕುಳಿತ ಅಜ್ಜನಿಗೆ ಮಂಡಿನೋವಿನ ತೈಲ, ಮಗಳಿಗೆ ಸೀರೆ, ಮೊಮ್ಮಗನಿಗೆ ಆಟ. ಒಬ್ಬರಿಗೆ ತೋರಿಸಿದ್ದು ಮಗ್ಗುಲಲ್ಲಿರುವವರಿಗೆ ಗೊತ್ತಿಲ್ಲ. ಗುರಿಯಿಟ್ಟ ಜಾಹೀರಾತು ಎಂದರೆ ಇದು. ಇದು ನಮ್ಮ ಮುಂದೆ ಎರಡು ವೇಷಗಳಲ್ಲಿ ಬರುತ್ತದೆ: ಚಿತ್ರವಾಗಿ, ಅಕ್ಷರವಾಗಿ. ಯಾವುದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಗೃಹಸ್ಥರಾದ ನಾವು ಅರಿತಿರುವುದು ಅವಶ್ಯ.

ಮೊದಲು ಬಂದುದು ಚಿತ್ರ. 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಎಂಬ ಜಾಲತಾಣದಲ್ಲಿ ಎ.ಟಿ. ಅಂಡ್ ಟಿ. ದೂರವಾಣಿ ಸಂಸ್ಥೆಯ ಉದ್ದನೆಯ ಪಟ್ಟಿಯೊಂದು ಪ್ರಕಟವಾಯಿತು. ಕಂಡವರಲ್ಲಿ ನೂರಕ್ಕೆ 44 ಮಂದಿ ಅದನ್ನು ಒತ್ತಿ ನೋಡಿದರೆಂದು ಹೇಳುತ್ತಾರೆ. ಹೊಸತೆಂಬ ಕುತೂಹಲವೇ ಅದಕ್ಕೆ ಕಾರಣ. ಅದೇ ಬಗೆಯ ಪಟ್ಟಿಗಳು ಪುಟಪುಟಕ್ಕೂ ಬಂದಾಗ ಜನರ ಕಣ್ಣು ಅವುಗಳನ್ನು ದಾಟಿಹೋಗಲು ಕಲಿಯಿತು. 1998ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಬೆನ್‌ವೇ ಮತ್ತು ಲೇನ್ ಎಂಬ ಇಬ್ಬರು ಸಂಶೋಧಕರು ಇದನ್ನು ಪರೀಕ್ಷಿಸಿದರು. ಪುಟದಲ್ಲಿ ಏನನ್ನೋ ಹುಡುಕಲು ಹೊರಟವರು, ತಾವು ಹುಡುಕುತ್ತಿದ್ದ ಸಂಗತಿಯೇ ದೊಡ್ಡ ಬಣ್ಣದ ಪಟ್ಟಿಯೊಳಗೆ ಇದ್ದರೂ ಅದನ್ನು ಕಾಣದೆ ಹೋದರು! ಎದ್ದು ಕಾಣಲೆಂದೇ ಮಾಡಿದ್ದು, ಎದ್ದು ಕಾಣುವ ಕಾರಣದಿಂದಲೇ ಕಾಣದೆ ಹೋಯಿತು. ಈ ದೋಷಕ್ಕೆ ಅವರು ‘ಪಟ್ಟಿ ಕುರುಡು’ ಎಂಬರ್ಥದ ಹೆಸರಿಟ್ಟರು.

ಅಕ್ಷರದ ಜಾಹೀರಾತಿಗೆ ಬೆಲೆ ಬಂದುದು ಆ ಹೊತ್ತಿನಲ್ಲಿ. 1998ರಲ್ಲಿ ಬಿಲ್ ಗ್ರಾಸ್ ಎಂಬ ಉದ್ಯಮಿಯ ‘ಗೋಟು’ ಸಂಸ್ಥೆ, ಜನರು ಹುಡುಕುವ ಪದಗಳನ್ನೇ ಹರಾಜಿಗಿಟ್ಟಿತು. 2000ದ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆ 350 ಜಾಹೀರಾತುದಾರರೊಡನೆ ತನ್ನ ಅಕ್ಷರ ಜಾಹೀರಾತಿನ ಅಂಗಡಿ ತೆರೆಯಿತು. 25 ಅಕ್ಷರಗಳ ತಲೆಬರಹ, ತಲಾ 35 ಅಕ್ಷರಗಳ ಎರಡು ಸಾಲು, ಕೆಳಗೆ ವಿಳಾಸ. ಹಿಂದಿನ ಕಾಲದ ತಂತಿಯಷ್ಟೇ ಚುಟುಕು. ಚಿತ್ರವಿಲ್ಲ, ಬಣ್ಣವಿಲ್ಲ. ಇಂಥ ಬಡಕಲು ಬರಹ ಜಗತ್ತಿನ ಅತಿ ಶ್ರೀಮಂತ ಉದ್ಯಮಗಳಲ್ಲೊಂದಕ್ಕೆ ತಳಹದಿಯಾಗಬಹುದೆಂದು ಆಗ ಎಷ್ಟು ಮಂದಿ ಎಣಿಸಿದ್ದರೋ!

ಇದರ ಗುಟ್ಟು 2002ರಲ್ಲಿ ಬಂದ ಹರಾಜಿನ ಕ್ರಮದಲ್ಲಿದೆ. ಮೇಷ್ಟರ ಅಭ್ಯಾಸದಂತೆ ಒಂದು ಲೆಕ್ಕವನ್ನೇ ಕೊಡುತ್ತೇನೆ. ‘ಅಡಿಕೆ ಸುಲಿಯುವ ಯಂತ್ರ’ ಎಂದು ಹುಡುಕುವವರ ಮುಂದೆ ನಿಲ್ಲಲು ಇಬ್ಬರು ವ್ಯಾಪಾರಿಗಳು ಸ್ಪರ್ಧಿಸುತ್ತಾರೆಂದು ಭಾವಿಸಿರಿ. ಮೊದಲನೆಯವನು ಒಂದು ಒತ್ತುವಿಕೆಗೆ 10 ರೂಪಾಯಿ ಕೊಡುವೆನೆನ್ನುತ್ತಾನೆ. ಅವನ ಜಾಹೀರಾತನ್ನು ನೂರರಲ್ಲಿ ಇಬ್ಬರು ಒತ್ತುತ್ತಾರೆ. ಎರಡನೆಯವನು 6 ರೂಪಾಯಿಯಷ್ಟೇ ಎನ್ನುತ್ತಾನೆ. ಆದರೆ ಅವನ ಬರಹ ಸ್ಪಷ್ಟವಾಗಿರುವುದರಿಂದ ಐವರು ಒತ್ತುತ್ತಾರೆ. ನೂರು ಸಲ ತೋರಿಸಿದರೆ ಮೊದಲನೆಯವನಿಂದ 20 ರೂಪಾಯಿ, ಎರಡನೆಯವನಿಂದ 30. ಆದುದರಿಂದ ಮೇಲಿನ ಸ್ಥಾನ ಎರಡನೆಯವನಿಗೆ. ಅವನು ತನ್ನ 6 ರೂಪಾಯಿಯನ್ನು ಪೂರ್ತಿ ತೆರಬೇಕಾಗಿಯೂ ಇಲ್ಲ. ಎದುರಾಳಿಯ 20ನ್ನು ಮೀರಿದರೆ ಸಾಕಾದ್ದರಿಂದ, ಒತ್ತುವಿಕೆಗೆ 4 ರೂಪಾಯಿಯ ಮೇಲೆ ತುಸು ತೆತ್ತರೆ ತೀರಿತು. ಇಂದು ಈ ಲೆಕ್ಕಕ್ಕೆ ಬೇರೆ ಅಂಶಗಳೂ ಸೇರಿವೆ. ತಿರುಳು ಮಾತ್ರ ಇದೇ. ಹಣದ ಚೀಲ ದೊಡ್ಡದಿದ್ದವನಿಗಿಂತ, ಓದುಗನಿಗೆ ಬೇಕಾದುದನ್ನು ನೇರವಾಗಿ ಹೇಳಿದವನಿಗೆ ಇಲ್ಲಿ ಗೆಲುವಿನ ಅವಕಾಶವಿದೆ. ಒಳ್ಳೆಯ ವಾಕ್ಯರಚನೆಗೆ ಇಷ್ಟು ನಗದು ಬೆಲೆ ಬಂದ ಕಾಲ ಬೇರೆ ಇರಲಿಲ್ಲವೇನೋ.

ಹಾಗಾದರೆ ಚಿತ್ರ ಸೋತಿತೇ? ಇಲ್ಲ. ಅಕ್ಷರದ ಜಾಹೀರಾತು ಕೇಳಿದ ಪ್ರಶ್ನೆಗೆ ಕೊಡುವ ಉತ್ತರ. ಯಂತ್ರ ಬೇಕೆಂದು ಹೊರಟವನಿಗೆ ಅಂಗಡಿಯ ದಾರಿ ತೋರಿಸುತ್ತದೆ. ಚಿತ್ರದ ಜಾಹೀರಾತು ಕೇಳದವನಲ್ಲಿ ಆಸೆ ಹುಟ್ಟಿಸಲು ಬರುತ್ತದೆ. ರೇಷ್ಮೆ ಸೀರೆಯ ಅಂಚನ್ನು ಮೂರು ಸಾಲಿನಲ್ಲಿ ವರ್ಣಿಸಿ ಮಾರಲಾದೀತೇ? 2007ರಲ್ಲಿ ಫೇಸ್‌ಬುಕ್ ತನ್ನ ಜಾಹೀರಾತು ವ್ಯವಸ್ಥೆಯನ್ನು ವಿಸ್ತರಿಸಿದ ಮೇಲೆ, ವಯಸ್ಸು, ಊರು, ಅಭಿರುಚಿಗಳನ್ನು ನೋಡಿ ಗುರಿಯಿಡುವ ಚಿತ್ರಗಳಿಗೆ ಮತ್ತೆ ಜೀವ ಬಂತು. ಬಹುಕಾಲ ಆ ಸಂಸ್ಥೆ, ಚಿತ್ರದ ಮೇಲೆ ನೂರರಲ್ಲಿ 20 ಪಾಲಿಗಿಂತ ಹೆಚ್ಚು ಜಾಗವನ್ನು ಬರಹ ಆಕ್ರಮಿಸಬಾರದೆಂದು ಕಟ್ಟು ಮಾಡಿತ್ತು. 2020ರಲ್ಲಷ್ಟೇ ಅದನ್ನು ಬಿಟ್ಟಿತು. ಅಕ್ಷರ ತುಂಬಿದ ಚಿತ್ರವನ್ನು ಜನ ಇಷ್ಟಪಡುವುದಿಲ್ಲವೆಂಬುದು ಅವರ ಅನುಭವ. ಜಾತ್ರೆಯ ಭಿತ್ತಿಪತ್ರದಲ್ಲಿ ಸಮಿತಿಯ ಸಮಸ್ತರ ಹೆಸರನ್ನೂ ತುರುಕುವ ನಮ್ಮ ಮಹನೀಯರು ಇದನ್ನು ಗಮನಿಸಬಹುದು.

ಇನ್ನು ಗಡಿನಾಡಿನ ಕನ್ನಡಿಗರಾದ ನಮಗೆ ಈ ವಿಷಯ ಎಲ್ಲಿ ಮುಟ್ಟುತ್ತದೆ ಎಂಬುದನ್ನು ನೋಡೋಣ. ಗುರಿಯಿಡುವ ಯಂತ್ರಕ್ಕೆ ಮುಖ್ಯವಾದ ಕುರುಹುಗಳಲ್ಲಿ ಸ್ಥಳವೂ ಒಂದು, ಭಾಷೆಯೂ ಒಂದು. ‘ಕೇರಳ’ ಎಂದು ಸ್ಥಳವನ್ನಷ್ಟೇ ಆರಿಸಿ ವ್ಯಾಪಾರಿಯೊಬ್ಬ ಮಲಯಾಳದ ಚಿತ್ರವೊಂದನ್ನು ಹರಿಯಬಿಟ್ಟರೆ ಅದು ಬದಿಯಡ್ಕದ ಕನ್ನಡ ಮನೆಗೂ ಬರುತ್ತದೆ. ‘ಕರ್ನಾಟಕ’ ಎಂದು ಆರಿಸಿದ ಬೆಂಗಳೂರಿನ ಕನ್ನಡ ಪ್ರಕಾಶಕನ ಪ್ರಕಟಣೆ ಅದೇ ಮನೆಯ ಹೊಸ್ತಿಲು ದಾಟುವುದಿಲ್ಲ. 1956ರಲ್ಲಿ ಎಳೆದ ಗೆರೆ ಇಲ್ಲಿಯೂ ಬಂದು ನಿಂತಿದೆ. ಆದರೆ ಭಾಷೆಯನ್ನು ಆರಿಸುವ ಅವಕಾಶವೂ ವ್ಯಾಪಾರಿಗಿದೆ. ಗೂಗಲ್‌ನ ಭಾಷಾಪಟ್ಟಿಯಲ್ಲಿ ಕನ್ನಡವಿದೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಬಲ್ಲವರಿಗೆ ಮಾತ್ರ ಎಂದು ಗುರಿಯಿಡಲು ಯಾವ ಅಡ್ಡಿಯೂ ಇಲ್ಲ. ನಮ್ಮನ್ನು ಕನ್ನಡ ಬಲ್ಲವರೆಂದು ಯಂತ್ರ ಹೇಗೆ ತಿಳಿಯುತ್ತದೆ? ಫೋನಿನಲ್ಲಿ ನಾವು ಆರಿಸಿರುವ ಭಾಷೆ, ಹುಡುಕಲು ಬರೆಯುವ ಭಾಷೆ, ಓದುವ ಪುಟಗಳ ಭಾಷೆ ಮುಂತಾದ ಕುರುಹುಗಳಿಂದ. ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಒಮ್ಮೆ ನೋಡಿದಾಗ, ಏಳು ಮಂದಿಯ ಫೋನುಗಳಲ್ಲಿ ಆರು ಇಂಗ್ಲಿಷಿನಲ್ಲಿದ್ದವು. ಜನಗಣತಿಯ ಮಾತೃಭಾಷೆಯ ಅಂಕಣದಲ್ಲಿ ‘ಕನ್ನಡ’ ಎಂದು ಬರೆಯಿಸಲು ಮನೆಮನೆಗೆ ಹೋಗಿ ಹೇಳುವ ನಾವು, ದಿನವೂ ನಡೆಯುವ ಈ ಸಣ್ಣ ಗಣತಿಯಲ್ಲಿ ಬೇರೆಯೇ ಉತ್ತರ ಕೊಡುತ್ತಿದ್ದೇವೆ.

ಕನ್ನಡದ ಜಾಹೀರಾತು ಬಹುಮಟ್ಟಿಗೆ ಚಿತ್ರವಾಗಿಯೇ ಬರುವುದಕ್ಕೆ ಬೇರೊಂದು ಕಾರಣವೂ ಉಂಟು. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ಅಕ್ಷರವಿನ್ಯಾಸದಲ್ಲಿ ಅಚ್ಚುಕಟ್ಟಾಗಿ ಜೋಡಿಸಿ, ಚಿತ್ರವಾಗಿ ಉಳಿಸಿ, ವಾಟ್ಸಾಪಿನಲ್ಲಿ ಕಳುಹಿಸುವುದು ರೂಢಿ. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಬಣ್ಣದ ಚುಕ್ಕೆಗಳು. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ವಿದ್ಯೆ ಈಗ ಬಂದಿದ್ದರೂ, ಯೂನಿಕೋಡಿನಲ್ಲಿ ಬರೆದ ಸಾಲಿಗೆ ಅದು ಸಮನಾಗದು. ಬರೆದ ಸಾಲನ್ನು ಹುಡುಕಬಹುದು, ನಕಲಿಸಬಹುದು, ಅಂಧರಿಗೆ ಯಂತ್ರವೇ ಓದಿ ಹೇಳಬಹುದು. ಅಕ್ಷರದ ಮಾರ್ಗದಲ್ಲಿ ನಮಗೆ ತೊಡಕಿಲ್ಲವೆಂದೂ ಅಲ್ಲ. ಈಗ ಗೂಗಲ್‌ನಲ್ಲಿ ತಲೆಬರಹಕ್ಕೆ 30 ಅಕ್ಷರಗಳ ಮಿತಿ. ‘ಸ್ತ್ರೀ’ ಎಂಬುದು ನಮಗೆ ಒಂದಕ್ಷರ. ಯೂನಿಕೋಡಿನಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳು. ಸಂಕೇತಗಳನ್ನೇ ಎಣಿಸುವಲ್ಲಿ ಒತ್ತಕ್ಷರದ ನಮ್ಮ ನುಡಿಗೆ ಜಾಗ ಬೇಗ ಮುಗಿಯುತ್ತದೆ. ಆದುದರಿಂದ ಅಲ್ಲಿ ‘ಉತ್ಕೃಷ್ಟ’ಕ್ಕಿಂತ ‘ಮೇಲು’ ಲೇಸು.

ಮೋಸದ ಮಾತು. ಚಿತ್ರವೇ ವಂಚಕ, ಅಕ್ಷರ ಸಾಧು ಎಂಬ ಭಾವನೆ ಅನೇಕ ಹಿರಿಯರಲ್ಲಿದೆ. ಚಿತ್ರದ ಮೋಸ ನಮಗೆ ಪರಿಚಿತ: ಸುಳ್ಳು ಗುಂಡಿ, ಖ್ಯಾತರ ಮುಖ, ತಿದ್ದಿದ ಛಾಯಾಚಿತ್ರ. ಅಕ್ಷರದ ಅಪಾಯ ಬೇರೆ ಬಗೆಯದು. ಅದು ಉತ್ತರದ ವೇಷ ಧರಿಸುತ್ತದೆ. ಗೂಗಲ್‌ನಲ್ಲಿ ಮೊದಲು ಜಾಹೀರಾತಿನ ಹಿಂದೆ ಬಣ್ಣದ ಹಿನ್ನೆಲೆಯಿತ್ತು. 2013ರಲ್ಲಿ ಅದು ಹೋಗಿ ಹಳದಿ ಚೀಟಿ ಬಂತು. 2016ರಲ್ಲಿ ಚೀಟಿ ಹಸಿರಾಯಿತು. 2020ರಲ್ಲಿ ಬರಿಯ ಕಪ್ಪಕ್ಷರವಾಯಿತು. 2022ರಿಂದ ‘ಪ್ರಾಯೋಜಿತ’ ಎಂಬರ್ಥದ ಪದ ಬಂದಿದೆ. ಬಣ್ಣ ಇಳಿದಂತೆ ವ್ಯತ್ಯಾಸವೂ ಇಳಿಯಿತು. ಬ್ಯಾಂಕಿನ ಸಹಾಯವಾಣಿಯ ಸಂಖ್ಯೆ ಹುಡುಕುವವರು ಮೊದಲ ಸಾಲನ್ನೇ ನಂಬಿ ಕರೆಮಾಡಬಾರದು. ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿರುವ ಸಂಖ್ಯೆಯೇ ಕ್ಷೇಮ.

ಮಕ್ಕಳ ವಿಚಾರದಲ್ಲಿ ನನಗೆ ಹೆಚ್ಚಿನ ಕಳವಳ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ಹದಿನೆಂಟು ತುಂಬದವರನ್ನು ಗುರಿಯಾಗಿಸಿ ಜಾಹೀರಾತು ನೀಡಬಾರದೆಂಬ ವಿಧಿಯಿದೆ. ಆದರೆ ನಮ್ಮ ಮನೆಗಳಲ್ಲಿ ಮಗು ನೋಡುವುದು ತಂದೆಯ ಫೋನನ್ನು. ಯಂತ್ರ ತಿಳಿಯುವುದು ನಲವತ್ತರ ಗೃಹಸ್ಥನೆಂದು.

ಮೇ ತಿಂಗಳು ಬಂದೊಡನೆ ಈ ಕಡೆಯ ಪೋಷಕರ ಫೋನುಗಳಲ್ಲಿ ಟೈ ಕಟ್ಟಿದ ಮಕ್ಕಳ ನಗುಮುಖಗಳು, ನೀಲಿ ಬಸ್ಸುಗಳು ಮಿಂಚತೊಡಗುತ್ತವೆ. ಕನ್ನಡ ಮಾಧ್ಯಮದ ಶಾಲೆ ಅಂಥ ಚಿತ್ರಕ್ಕೆ ಹಣ ಹೊಂದಿಸಲಾರದು. ಆದರೆ ‘ಹತ್ತಿರದ ಕನ್ನಡ ಶಾಲೆ’ ಎಂದು ಯಾರಾದರೂ ಹುಡುಕಿದರೆ ಉತ್ತರವಾದರೂ ಸಿಗಬೇಡವೇ? ನಮ್ಮ ಹಳೆ ವಿದ್ಯಾರ್ಥಿಗಳಿಬ್ಬರು ಈ ವರ್ಷ ಶಾಲೆಯ ಹೆಸರು, ತರಗತಿಗಳು, ಮಧ್ಯಾಹ್ನದ ಊಟ, ಬಸ್ಸು ನಿಲ್ಲುವ ಜಾಗ ಇಷ್ಟನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು ಗೂಗಲ್ ನಕಾಶೆಗೆ ಸೇರಿಸಿದರು. ಅದಕ್ಕೆ ಕಾಸು ಬೇಡ, ಹರಾಜೂ ಇಲ್ಲ. ಇದೇ ಕೆಲಸವನ್ನು ತಮ್ಮ ಊರಿನ ಶಾಲೆಗೆ, ವಾಚನಾಲಯಕ್ಕೆ, ಯಕ್ಷಗಾನ ಸಂಘಕ್ಕೆ ಮಾಡಬಯಸುವವರು ಬಿಡುವಿನ ದಿನ ಅರ್ಧ ಗಂಟೆ ಮೀಸಲಿಟ್ಟರೆ ಸಾಕು. ಹೆಸರಿನ ಕಾಗುಣಿತವನ್ನು ಮಾತ್ರ ಹಿರಿಯರೊಬ್ಬರಿಗೆ ತೋರಿಸಿಕೊಂಡು ಬರೆಯಿರಿ.