ಚೆರ್ನೋಬಿಲ್: ನದಿಗೂ ಬಾವಿಗೂ ತಗುಲಿದ ವಿಷ

ಚೆರ್ನೋಬಿಲ್ ಎಂದೊಡನೆ ಬೆಂಕಿ, ಹೊಗೆ, ಗಾಳಿಯಲ್ಲಿ ಹಾರಿದ ಧೂಳು ನೆನಪಾಗುತ್ತವೆ. 1986ರ ಏಪ್ರಿಲ್ 26ರಂದು ಅಲ್ಲಿನ ನಾಲ್ಕನೆಯ ರಿಯಾಕ್ಟರ್ ಸಿಡಿದಾಗ ಜಗತ್ತು ಮಾತಾಡಿದ್ದೂ ಅದನ್ನೇ. ಆದರೆ ಯುವ ಮಿತ್ರರೇ, ಆ ಸ್ಥಾವರ ಇರುವುದು ಪ್ರಿಪ್ಯತ್ ನದಿಯ ದಂಡೆಯ ಮೇಲೆ. ಪ್ರಿಪ್ಯತ್ ಹೋಗಿ ಸೇರುವುದು ನೀಪರ್ ನದಿಯ ಕೀವ್ ಜಲಾಶಯವನ್ನು. ಅದರ ಕೆಳಗೇ ಕೀವ್ ನಗರ. ಅಂದು ಅಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರ ಕುಡಿಯುವ ನೀರಿನ ಗತಿಯೇನು?

ಪರಿಸರ ವಿಜ್ಞಾನ ಓದುವವರು ‘ವಲ್ನರಬಿಲಿಟಿ’ ಎಂಬ ಪದ ಕೇಳಿರುತ್ತೀರಿ. ಕನ್ನಡದಲ್ಲಿ ಅದಕ್ಕೆ ಒಂದೇ ಪದ ಹೊಂದಿಸುವುದು ಕಷ್ಟ. ವಿಷ ಎಷ್ಟು ಬೇಗ, ಎಷ್ಟು ಸುಲಭವಾಗಿ ತಗುಲೀತು ಎಂಬ ಲೆಕ್ಕ ಎನ್ನೋಣ. ನದಿಗೂ ಬಾವಿಗೂ ಈ ಲೆಕ್ಕ ಒಂದೇ ಅಲ್ಲ.

ನದಿಗೆ ಮೇಲುಹೊದಿಕೆಯಿಲ್ಲ, ಧೂಳು ನೇರವಾಗಿ ಬೀಳುತ್ತದೆ. ಮೊದಲ ವಾರಗಳಲ್ಲಿ ನೀರಿನಲ್ಲಿ ಅಯೋಡಿನ್-131ರ ಭಯವಿತ್ತು. ಆದರೆ ಅದು ಎಂಟು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಕೀವ್‌ನವರು ಬೇರೆ ದಿಕ್ಕಿನಿಂದ ಬರುವ ದೆಸ್ನಾ ನದಿಯ ನೀರಿನ ಆಸರೆ ಪಡೆದರು. ಉಳಿದದ್ದು ಸೀಸಿಯಂ-137 ಮತ್ತು ಸ್ಟ್ರಾಂಷಿಯಂ-90. ಎರಡೂ ಅರ್ಧವಾಗಲು ಸುಮಾರು 30 ವರ್ಷ ಬೇಕು. ಸೀಸಿಯಂ ಜೇಡಿಮಣ್ಣನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೀಗೆ ಬಹುಪಾಲು ಜಲಾಶಯದ ತಳದ ಕೆಸರಿನಲ್ಲಿ ಕೂತಿತು. ಸ್ಟ್ರಾಂಷಿಯಂ ಹಾಗಲ್ಲ, ಸುಣ್ಣದ ಜಾತಿಯದು. ನೀರಿನಲ್ಲಿ ಕರಗಿ ಮುಂದೆ ಸಾಗುತ್ತದೆ, ದೇಹಕ್ಕೆ ಹೊಕ್ಕರೆ ಮೂಳೆ ಸೇರುತ್ತದೆ.

ಸೀಸಿಯಂ ಹೊತ್ತ ಹೂಳನ್ನು ತಡೆಯಲು ನದಿಯ ತಳದಲ್ಲೇ ಗುಂಡಿ ತೋಡಿದರು. ಹೆಚ್ಚು ಪ್ರಯೋಜನವಾಗಲಿಲ್ಲ. ನೀರಿನ ಸ್ವಭಾವ ನೋಡದೆ ಅವಸರಪಟ್ಟರೆಂದೇ ನನಗನ್ನಿಸುತ್ತದೆ. 1991ರ ಚಳಿಗಾಲದಲ್ಲಿ ಮಂಜುಗಡ್ಡೆ ಅಡ್ಡಗಟ್ಟಿ ಪ್ರಿಪ್ಯತ್ ಉಕ್ಕಿದಾಗ ದಡದ ಬಯಲಿನ ಸ್ಟ್ರಾಂಷಿಯಂ ತೊಳೆದು ನದಿಗೆ ಬಂತು. ಆಮೇಲೆ ಎಡದಂಡೆಗೆ ಒಡ್ಡು ಕಟ್ಟಿದರು. ಇದು ಮಾತ್ರ ಸರಿಯಾದ ಕೆಲಸ: ಕೊಳೆ ನೀರನ್ನು ಶುದ್ಧಿಮಾಡುವುದಕ್ಕಿಂತ ನೀರು ಕೊಳೆಯತ್ತ ಹೋಗದಂತೆ ನೋಡಿಕೊಂಡದ್ದು.

ಅಂತರ್ಜಲದ ವಿಷಯ ನಿಧಾನದ್ದು. ನೀರು ಎಷ್ಟು ಆಳದಲ್ಲಿದೆ, ಮೇಲಿನದು ಮರಳೋ ಜೇಡಿಯೋ, ಮಳೆ ಎಷ್ಟು ಇಂಗುತ್ತದೆ — ಇಷ್ಟು ಕೇಳಿದರೆ ಅಪಾಯದ ಅಂದಾಜು ಸಿಗುತ್ತದೆ. ಕಾಳಿ ನದಿಯ ದಂಡೆಯ ನಮ್ಮ ಕೈಗಾ ಸ್ಥಾವರಕ್ಕೂ ಇದೇ ಪ್ರಶ್ನೆಗಳು, ಆದರೆ ಅಲ್ಲಿನ ಮಣ್ಣು, ಮಳೆ ಬೇರೆ; ಉತ್ತರವೂ ಬೇರೆ. ಚೆರ್ನೋಬಿಲ್ ಸುತ್ತ ಮರಳುನೆಲ, ನೀರೂ ಮೇಲೆಯೇ. ವಿಕಿರಣಕ್ಕೆ ಸತ್ತು ಕೆಂಪಾದ ಪೈನ್ ಕಾಡನ್ನು ಕಡಿದು ಹೊಂಡಗಳಲ್ಲಿ ಹೂತಾಗ, ಅಲ್ಲಿಂದ ಸ್ಟ್ರಾಂಷಿಯಂ ಕೆಳಗಿನ ನೀರಿಗೆ ಇಳಿಯಿತು. ವರ್ಷಗಟ್ಟಲೆ ಕಳೆದರೂ ಅದು ಸರಿದದ್ದು ಕೆಲವೇ ಮೀಟರ್. ನದಿಯಾದರೆ ಹೊಸ ನೀರು ಬರುತ್ತದೆ. ಇಲ್ಲಿ ಅದೇ ನೀರು, ಅದೇ ಮರಳು.

ಸ್ಥಾವರದ ತಂಪುಕೊಳಕ್ಕೆ ಪ್ರಿಪ್ಯತ್‌ನಿಂದ ನೀರೆತ್ತುವುದನ್ನು 2014ರಲ್ಲಿ ನಿಲ್ಲಿಸಿದರು. ಕೊಳ ಇಳಿಯುತ್ತ ಹೋಗಿ, ಹೊರಬಿದ್ದ ತಳದ ಮೇಲೆ ಈಗ ಹುಲ್ಲೂ ಪೊದೆಗಳೂ ಬೆಳೆದಿವೆ. ಅದರಡಿಯ ಕೆಸರಿನಲ್ಲಿ ಸೀಸಿಯಂ ಇನ್ನೂ ಇದೆ.