ನಾಲ್ಕು ಸೆಂಟಿಮೀಟರಿನ ಬೆಲೆ

ಕಾರಿನ ಒಡಲನ್ನು ನೆಲಕ್ಕೆ ಹತ್ತಿರ ತರುವ ರೂಢಿ ಇಂದು ಬಹುಮಟ್ಟಿಗೆ ಅಂದಕ್ಕಾಗಿ ನಡೆಯುತ್ತದೆಯಾದರೂ ಅದರ ಮೂಲ ಪಂದ್ಯದ ಕಾರುಗಳಲ್ಲಿದೆ. ತಿರುವಿನಲ್ಲಿ ಕಾರಿನ ಭಾರವು ಒಳಬದಿಯ ಗಾಲಿಗಳಿಂದ ಹೊರಬದಿಯ ಗಾಲಿಗಳಿಗೆ ಎಷ್ಟು ಸರಿಯುತ್ತದೆಂಬುದು ಗುರುತ್ವಕೇಂದ್ರದ ಎತ್ತರವನ್ನು ಅವಲಂಬಿಸಿರುವುದರಿಂದ, 55 ಸೆಂ.ಮೀ. ಎತ್ತರದಲ್ಲಿರುವ ಆ ಕೇಂದ್ರ 4 ಸೆಂ.ಮೀ. ಇಳಿದರೆ ಈ ಸರಿಯುವಿಕೆ ಸುಮಾರು ಶೇ. 7ರಷ್ಟು ತಗ್ಗಿ, ಟೈರುಗಳ ಹಿಡಿತ ಹೆಚ್ಚುತ್ತದೆ. ಆದರೆ ಈ ಲಾಭ ನುಣುಪಾದ ಪಂದ್ಯದ ಹಾದಿಗೆ ಸಲ್ಲುವಂಥದು. ವಿಜಯಪುರ ನಗರದಿಂದ ಅಥಣಿಯ ಕಡೆಗೆ ಟಿಕೋಟಾಕ್ಕೋ, ಜಮಖಂಡಿಯ ಕಡೆಗೆ ಬಬಲೇಶ್ವರಕ್ಕೋ ಹೊರಟ ಕಾರಿಗೆ ಅದು ಎಷ್ಟು ದಕ್ಕೀತೆಂಬುದನ್ನು ಬೇರೆಯೇ ಲೆಕ್ಕದಿಂದ ನೋಡಬೇಕಾಗುತ್ತದೆ.

ಸಸ್ಪೆನ್ಷನ್ ಎಂದರೆ ಗಾಲಿಗೂ ಒಡಲಿಗೂ ನಡುವಿನ ತೂಗುವ್ಯವಸ್ಥೆ. ಅದರಲ್ಲಿ ಸ್ಪ್ರಿಂಗು ಭಾರವನ್ನು ಹೊತ್ತು ಪೆಟ್ಟನ್ನು ನುಂಗಿದರೆ, ಶಾಕ್ ಅಬ್ಸಾರ್ಬರ್ ತನ್ನೊಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನುಸುಳಿಸಿ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಗಾಲಿಯು ಮೇಲಕ್ಕೆ ಚಲಿಸಬಲ್ಲ ದೂರಕ್ಕೆ ಒಂದು ಮಿತಿಯಿದ್ದು, ಆ ಮಿತಿಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನ ಗುಂಡು ಅದನ್ನು ತಡೆಯುತ್ತದೆ. ಕಾರನ್ನು ಕೆಳಗಿಳಿಸಿದಾಗ ಖರ್ಚಾಗುವುದು ಈ ದೂರವೇ. ಹಳ್ಳಿಗಾಡಿನ ಚಕ್ಕಡಿಯಲ್ಲಿ ಸ್ಪ್ರಿಂಗೇ ಇಲ್ಲದೆ ಅಚ್ಚು ನೇರವಾಗಿ ಭಾರ ಹೊರುತ್ತಿತ್ತು. ಗೋಲಗುಮ್ಮಟದ ಸುತ್ತ ಪ್ರವಾಸಿಗರನ್ನು ಒಯ್ಯುವ ಟಾಂಗಾದಲ್ಲಾದರೋ ಉಕ್ಕಿನ ಪಾಟಾಗಳು ಬಾಗಿ ಆ ಕೆಲಸ ಮಾಡುತ್ತವೆ. ಸವಾರಿಯ ಸುಖವೆಲ್ಲ ಆ ಬಾಗುವಿಕೆಗೆ ಸಿಗುವ ಸ್ಥಳದಲ್ಲಿದೆ.

ಕಾರನ್ನು ಇಳಿಸುವ ದಾರಿಗಳಲ್ಲಿ ಎಲ್ಲಕ್ಕಿಂತ ಅಗ್ಗವಾದುದು ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸುವುದು. ಇದರ ಪರಿಣಾಮವನ್ನು ತಿಳಿಯಲು ಆರು ಸುತ್ತಿನ, ಬಿಡಿಯಾಗಿ 36 ಸೆಂ.ಮೀ. ಉದ್ದದ, ಕಾರಿನ ಭಾರಕ್ಕೆ 12 ಸೆಂ.ಮೀ. ಕುಗ್ಗಿ 24ಕ್ಕೆ ನಿಲ್ಲುವ ಸ್ಪ್ರಿಂಗೊಂದನ್ನು ಊಹಿಸಿಕೊಳ್ಳಬಹುದು. ಒಂದು ಸುತ್ತು ಹೋದರೆ ಬಿಡಿ ಉದ್ದ 30 ಸೆಂ.ಮೀ. ಆಗುತ್ತದೆ, ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದಂತೆ ಕುಗ್ಗುವಿಕೆ ಭಾರಕ್ಕೆ ಅನುಗುಣವಾಗಿದ್ದು, ಉಳಿದ ಪ್ರತಿ ಸುತ್ತೂ ಮೊದಲಿನಷ್ಟೇ, ಅಂದರೆ 2 ಸೆಂ.ಮೀ.ನಂತೆ, ಕುಗ್ಗುವುದರಿಂದ ಅದು 20ಕ್ಕೆ ನಿಲ್ಲುತ್ತದೆ. ಕಾರು 4 ಸೆಂ.ಮೀ. ಇಳಿಯಿತು, ಸ್ಪ್ರಿಂಗು ಶೇ. 20ರಷ್ಟು ಬಿಗಿಯೂ ಆಯಿತು. ಇಷ್ಟಕ್ಕೇ ನಿಂತಿದ್ದರೆ ಯಾರೂ ದೂರಬೇಕಾಗಿರಲಿಲ್ಲ. ಆದರೆ ಮೊದಲು ಬಂಪ್ ಸ್ಟಾಪಿನವರೆಗೆ 8 ಸೆಂ.ಮೀ. ಇದ್ದ ಅಂತರ ಈಗ 4ಕ್ಕೆ ಇಳಿದಿರುತ್ತದೆ. ಸ್ಪ್ರಿಂಗು ನುಂಗುವ ಶಕ್ತಿಯು ದೂರದ ವರ್ಗಕ್ಕೆ ಅನುಗುಣವಾದ್ದರಿಂದ, ಅರ್ಧ ದೂರದಲ್ಲಿ ಅದೇ ಪೆಟ್ಟನ್ನು ತಾಳಬೇಕಾದರೆ ಸ್ಪ್ರಿಂಗು ನಾಲ್ಕು ಪಟ್ಟು ಬಿಗಿಯಾಗಿರಬೇಕು. ದೊರೆತದ್ದು ಒಂದೂಕಾಲು ಪಟ್ಟಿಗೂ ಕಡಿಮೆ. ಉಳಿದ ಪೆಟ್ಟೆಲ್ಲ ರಬ್ಬರಿನ ಗುಂಡಿಗೆ, ಅಲ್ಲಿಂದ ಒಡಲಿಗೆ, ಕೊನೆಗೆ ಕುಳಿತವರ ಬೆನ್ನಿಗೆ ಹೋಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು: ಗಾಲಿ ಗುಂಡಿಗಿಳಿದು ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿದಾಗ ಸ್ಪ್ರಿಂಗನ್ನು ಮೇಲೆ ಕೆಳಗೆ ಹಿಡಿದಿಡುವ ಎರಡು ಬಟ್ಟಲುಗಳ ನಡುವೆ 32 ಸೆಂ.ಮೀ. ಅಂತರವಾಗುವುದಿದ್ದರೆ, 30 ಸೆಂ.ಮೀ. ಸ್ಪ್ರಿಂಗು ಸಡಿಲಗೊಂಡು ಬಟ್ಟಲಿನಿಂದ ಜಾರಬಹುದು. ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಸ್ಪ್ರಿಂಗನ್ನು ಕುಗ್ಗಿಸುವ ಪದ್ಧತಿಯಂತೂ ಚರ್ಚೆಗೂ ಯೋಗ್ಯವಲ್ಲ, ಏಕೆಂದರೆ ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದವೇ ಅದರಿಂದ ಕೆಡುತ್ತದೆ.

ಈ ನಷ್ಟ ವಿಜಯಪುರದ ಸುತ್ತ ಹೆಚ್ಚು ತಟ್ಟುವುದಕ್ಕೆ ಮಣ್ಣೂ ಕಾರಣ. ಡೋಣಿ ನದಿಯ ಕಣಿವೆಯ ಎರೆಭೂಮಿಯಲ್ಲಿರುವ ಜೇಡಿ ಮಳೆಗಾಲದಲ್ಲಿ ನೀರುಂಡು ಉಬ್ಬಿ, ಬೇಸಿಗೆಯಲ್ಲಿ ಒಣಗಿ ಬಿರಿಯುವುದರಿಂದ ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳದಿದ್ದರೂ ಅಲೆಯಲೆಯಾಗುತ್ತದೆ, ಅಂಚುಗಳು ಕುಸಿಯುತ್ತವೆ. ಟಿಕೋಟಾ ಭಾಗದಲ್ಲಿ ದ್ರಾಕ್ಷಿತೋಟಕ್ಕೆ ಹೋಗುವ ಕಚ್ಚಾ ಹಾದಿಗಳಲ್ಲಿ ಟ್ರ್ಯಾಕ್ಟರ್ ಗಾಲಿಗಳು ಕೊರೆದ ಹಳಿಗಳ ನಡುವೆ ಏರುದಿಣ್ಣೆ ಉಳಿದಿದ್ದರೆ, ತಗ್ಗಿದ ಕಾರಿನ ಎಣ್ಣೆಯ ತೊಟ್ಟಿ ಅದನ್ನೇ ಉಜ್ಜುತ್ತದೆ.

ತಗ್ಗಿಸಿದ ಕಾರಿಗೆ ಎಲ್ಲ ರಸ್ತೆಯುಬ್ಬುಗಳೂ ತೊಡಕೆಂಬ ತಪ್ಪು ತಿಳಿವಳಿಕೆಯಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬು 10 ಸೆಂ.ಮೀ. ಎತ್ತರವೂ 3.7 ಮೀಟರ್ ಅಗಲವೂ ಇದ್ದು 17 ಮೀಟರ್ ತ್ರಿಜ್ಯದ ಕಮಾನಿನಂತೆ ಬಾಗಿರಬೇಕು. ಮಾರುತಿ ಸ್ವಿಫ್ಟ್ ಕಾರಿನ ಮುಂದಿನ ಮತ್ತು ಹಿಂದಿನ ಗಾಲಿಗಳ ಅಂತರ 2.45 ಮೀಟರ್ ಆದ್ದರಿಂದ ನಾಲ್ಕೂ ಗಾಲಿಗಳು ಆ ಉಬ್ಬಿನ ಮೇಲೆಯೇ ನಿಂತು, ಹೊಟ್ಟೆಯಡಿ ಬೇಕಾಗುವ ಜಾಗ ನಾಲ್ಕೂವರೆ ಸೆಂ.ಮೀ.ಗೂ ಕಡಿಮೆ, 4 ಸೆಂ.ಮೀ. ತಗ್ಗಿಸಿದ ಕಾರೂ ಅದನ್ನು ದಾಟೀತು. ತೊಡಕಿರುವುದು ಊರ ಬಾಗಿಲಲ್ಲಿ ಅಳತೆಯಿಲ್ಲದೆ ಎಬ್ಬಿಸಿದ, ಎರಡು ಗಾಲಿಗಳ ನಡುವೆ ಪೂರ್ತಿಯಾಗಿ ಅಡಗುವ ಕಿರಿದಾದ ದಿಬ್ಬದಲ್ಲಿ, ಏಕೆಂದರೆ ಅದರ ಇಡೀ ಎತ್ತರವೇ ಹೊಟ್ಟೆಗೆ ಎದುರಾಗುತ್ತದೆ. ಸ್ವಿಫ್ಟಿನ 163 ಮಿ.ಮೀ. ನೆಲದಂತರದಲ್ಲಿ 40 ಮಿ.ಮೀ. ಇಳಿಸಿ, ನಾಲ್ವರು ಕುಳಿತಾಗ ಇನ್ನೊಂದು 25 ಮಿ.ಮೀ. ಇಳಿಯಿತೆಂದುಕೊಂಡರೆ ಉಳಿಯುವುದು 98 ಮಿ.ಮೀ. ಇದೇ ಕಾರಣಕ್ಕೆ ಬಿಡಿಭಾಗದ ಅಂಗಡಿಗಳಲ್ಲಿ ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕಿ ಕಾರನ್ನು ಎತ್ತರಿಸುವ ರಬ್ಬರ್ ಬಫರುಗಳೂ ಮಾರಾಟಕ್ಕಿವೆ ಎಂಬುದು ಗಮನಾರ್ಹ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನ ಮೇಲೆ ಆರು ತಿಂಗಳವರೆಗಿನ ಸೆರೆವಾಸವನ್ನೋ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನೋ, ಎರಡನ್ನೂ ಒಟ್ಟಿಗೋ ವಿಧಿಸಲು ಅವಕಾಶ ಕೊಡುತ್ತದೆ. ನೆಲದಂತರ ನೋಂದಣಿ ಪತ್ರದಲ್ಲಿ ಇರುವುದಿಲ್ಲವೆಂಬ ವಾದ ಇದ್ದೇ ಇದೆ. ಅಪಘಾತದ ಬಳಿಕ ವಿಮೆಯ ಸಮೀಕ್ಷಕನೆದುರು ಅದನ್ನು ನೆಚ್ಚುವುದು ಜಾಣತನವಲ್ಲ.

ಇಷ್ಟಾದರೂ ಇಳಿಸಲೇಬೇಕೆನ್ನುವವರು 25 ಮಿ.ಮೀ.ಗೆ ನಿಲ್ಲಿಸಿ, ಆ ಮಾದರಿಗೆಂದೇ ತಯಾರಾದ, ಬಿಗಿಯೂ ಉದ್ದವೂ ಒಂದಕ್ಕೊಂದು ಹೊಂದಿದ ಸ್ಪ್ರಿಂಗುಗಳನ್ನು ನಾಲ್ಕೂ ಗಾಲಿಗೆ ಹಾಕಿಸುವುದೇ ಕೊನೆಗೆ ಅಗ್ಗ. ಎತ್ತರವನ್ನು ತಿರುಚಿ ಬದಲಿಸಬಲ್ಲ, ಕಾಯಿಲ್‌ಓವರ್ ಎಂಬ ಸ್ಪ್ರಿಂಗು-ಶಾಕ್ ಅಬ್ಸಾರ್ಬರ್ ಜೋಡಣೆಗಳು ಇನ್ನೂ ಉತ್ತಮವಾದರೂ ಅವುಗಳ ಬೆಲೆ ಮಿತವ್ಯಯದ ಮಾತನ್ನೇ ಮೀರುತ್ತದೆ. ಎಣ್ಣೆ ಸೋರುವ ಹಳೆಯ ಶಾಕ್ ಅಬ್ಸಾರ್ಬರಿನ ಮೇಲೆ ಹೊಸ ಬಿಗಿ ಸ್ಪ್ರಿಂಗು ಕೂರಿಸಿದರೆ ಕಾರು ಜಿಗಿಯುತ್ತದೆ, ಆದ್ದರಿಂದ ಹಣವನ್ನು ಮೊದಲು ಅಲ್ಲಿಗೆ ಸುರಿಯಬೇಕು. ಎತ್ತರ ಬದಲಾದಾಗ ಗಾಲಿಗಳ ಓಲುವಿಕೆಯೂ ದಿಕ್ಕೂ ಬದಲಾಗಿ ಟೈರಿನ ಒಳಅಂಚು ಬೇಗ ಸವೆಯುವುದರಿಂದ, ಸ್ಪ್ರಿಂಗುಗಳು ಒಂದಿಷ್ಟು ಓಡಿ ನೆಲೆಗೊಂಡ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಬೇಕು. ಕಳಚಿದ ಮೂಲ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದಿರುವುದು ಒಳ್ಳೆಯದು; 15 ವರ್ಷ ತುಂಬಿದ ಖಾಸಗಿ ಕಾರು ನೋಂದಣಿಯ ನವೀಕರಣಕ್ಕಾಗಿ ತಪಾಸಣೆಗೆ ನಿಲ್ಲುವಾಗ ಅವು ಮತ್ತೆ ಬೇಕಾಗುತ್ತವೆ.