ಕಿವಿ ತೆರೆದ ಮೇಲೆ

ಬಸವಕಲ್ಯಾಣದ ಬಳಿಯ ಮೋರಖಂಡಿಯಲ್ಲಿ, ಕಾಕ್ಲಿಯರ್ ಇಂಪ್ಲಾಂಟ್ ಆದ ಮಗುವಿನ ತಾಯಿಯೊಬ್ಬರನ್ನು ಕಂಡೆ. ಯಂತ್ರ ಚಾಲೂ ಮಾಡಿದ ದಿನ ಮಗು ಬೆಚ್ಚಿ ಅತ್ತಿತಂತೆ. ‘ಅವ್ವಾ ಅಂತದ ಅನ್ಕೊಂಡಿದ್ದೆ ನೋಡ್ರಿ’ ಎಂದರು. ಆ ಅಳುವೇ ಕೇಳಿಸಿದ್ದರ ಗುರುತೆಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಶಸ್ತ್ರಚಿಕಿತ್ಸೆ ಶಬ್ದವನ್ನು ನರಕ್ಕೆ ಮುಟ್ಟಿಸುತ್ತದೆ. ಅದನ್ನು ಮಾತಾಗಿ ಅರಿಯಲು ವರ್ಷಗಳ ಅಭ್ಯಾಸ ಬೇಕು. ಇದು ತಿಳಿಯದ ಮನೆಯಲ್ಲಿ ದೂರೆಲ್ಲ ತಾಯಿಯ ಮೇಲೆ. ಬೇಸತ್ತರೆ ಯಂತ್ರ ಪೆಟ್ಟಿಗೆ ಸೇರುತ್ತದೆ.

2014ರಲ್ಲಿ ಪರಿಷ್ಕೃತವಾದ ಕೇಂದ್ರದ ಅಡಿಪ್ ಯೋಜನೆ ಅರ್ಹ ಮಕ್ಕಳಿಗೆ ಇಂಪ್ಲಾಂಟ್ ಒದಗಿಸುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮನೋವಿಜ್ಞಾನ ವಿಭಾಗವೂ ಇದೆ. ಆದರೆ ಅದು ಇಲ್ಲಿಂದ 600 ಕಿ.ಮೀ.ಗೂ ಆಚೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರಾದರೂ ಶಸ್ತ್ರಚಿಕಿತ್ಸೆಗೆ ಮೊದಲೇ ಮನೆಮಂದಿಯೊಡನೆ ಕುಳಿತು ಮಾತನಾಡಲಿ. ಮಗುವಿಗೆ ಕೇಳಿಸಲು ಇಷ್ಟು ವ್ಯಯಿಸುವ ನಾವು, ತಾಯಿಯ ಮಾತನ್ನೂ ಕೇಳಬೇಡವೇ?